ಕ್ಲಾಸಿನಲ್ಲಿ ಸಂಸಾರ ಮಾಡಬೇಡಿ

ಕಳೆದ ವಾರ ನಮ್ಮೂರ ಶಾಲೆಯಲ್ಲಿ ತುರ್ತು ಪಿಟಿಎ ಮೀಟಿಂಗು. ವಿಷಯ ಒಂದೇ: ಒಂಬತ್ತನೇ ಕ್ಲಾಸಿನ ಕನ್ನಡ ಡಿವಿಷನ್ನಿನ ಮಕ್ಕಳು ನಗುತ್ತಾರೆ.

ಶಾಲೆಯ ಹೆಸರು ಬೇಡ. ಹೇಳದಿದ್ದರೂ ಕೇರಳದ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನವರು ‘ಓ, ಇದು ನಮ್ಮದೇ’ ಅಂದುಕೊಳ್ಳುತ್ತಾರೆ. ಕತೆಯೂ ನಿಮಗೆ ಗೊತ್ತಿರುವುದೇ. ಕನ್ನಡ ಮಾಧ್ಯಮದ ಗಣಿತದ ಹುದ್ದೆ, ಪಿಎಸ್‌ಸಿ ರ‍್ಯಾಂಕ್ ಲಿಸ್ಟು, ತೆಂಕಣ ಜಿಲ್ಲೆಯಿಂದ ರಾತ್ರಿ ರೈಲು ಹತ್ತಿ ಬಂದಿಳಿದ ಮಾಷ್ಟ್ರು. ಅವರಿಗೆ ಕನ್ನಡ ಬಾರದು. ಮಕ್ಕಳಿಗೆ ಪೇಟೆಯಲ್ಲಿ ಮೀನು ಕೊಳ್ಳುವಷ್ಟು ಮಲಯಾಳ ಬರ್ತದೆ. ಆದರೆ ಬೀಜಗಣಿತ ಬಂಗುಡೆ ಅಲ್ಲವಲ್ಲ.

ಮಾಷ್ಟ್ರು ಒಳ್ಳೆಯವರು, ಅದೇ ತೊಂದರೆಯಾದದ್ದು. ಸುಮ್ಮನೆ ಮಲಯಾಳದಲ್ಲಿ ಪಾಠ ಒಪ್ಪಿಸಿ ಹೋಗಬಹುದಿತ್ತು. ಇವರು ಲಾಡ್ಜಿನಲ್ಲಿ ಕೂತು ನಾಲ್ಕು ಕನ್ನಡ ವಾಕ್ಯ ಬಾಯಿಪಾಠ ಮಾಡಿ ಬಂದರು. ಮೊದಲ ದಿನ ಮೇಜು ಕುಟ್ಟಿ ಹೇಳಿದರು: “ಮಕ್ಕಳೇ, ಕ್ಲಾಸಿನಲ್ಲಿ ಯಾರೂ ಸಂಸಾರ ಮಾಡಬಾರದು.”

ಮಲಯಾಳದಲ್ಲಿ ಸಂಸಾರವೆಂದರೆ ಮಾತು. ಕನ್ನಡದಲ್ಲಿ ಏನೆಂದು ಹದಿನಾಲ್ಕು ವರ್ಷದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಬೆಂಚಿನವನೊಬ್ಬ ಮೂಗಿನಿಂದ ‘ಫುಸ್’ ಅಂದ. ಪಕ್ಕದವನು ಬಿದ್ದ ಪೆನ್ಸಿಲು ಹುಡುಕುವ ನೆಪದಲ್ಲಿ ಬೆಂಚಿನಡಿ ಹೋದವನು ಮೇಲೆ ಬರಲಿಲ್ಲ. ಒಬ್ಬಳು ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಸುರಿಸಿದಳು. ಮಾಷ್ಟ್ರು ಬೆರಳು ತೋರಿಸಿ ಗದರಿದರು: “ಹಿಂದಿನ ಬೆಂಚಿನಲ್ಲಿ ಇಬ್ಬರು ಈಗಲೂ ಸಂಸಾರ ಮಾಡ್ತಾ ಇದ್ದೀರಿ, ನಾನು ನೋಡ್ತಾ ಇದ್ದೇನೆ!”

ಮುಗಿಯಿತು. ಆ ಪಿರಿಯಡ್ಡು ಮತ್ತೆ ಏಳಲಿಲ್ಲ.

ಮರುದಿನ ಬೋರ್ಡಿನಲ್ಲಿ ಆಯತ ಬರೆದು “ದೀರ್ಘಚತುರಂ” ಅಂದರು. ಮಲಯಾಳದಲ್ಲಿ ಅದರ ಹೆಸರೇ ಅದು. ಕ್ಲಾಸಿನಲ್ಲಿ ಅಡಕೆ ಮರದ ಹಾಗೆ ಬೆಳೆದ ಹುಡುಗನೊಬ್ಬನಿದ್ದಾನೆ, ಲೆಕ್ಕದಲ್ಲಿ ಮೂರು ಮಾರ್ಕಿನವ. ಮೂವತ್ತು ತಲೆ ಒಟ್ಟಿಗೆ ಅವನತ್ತ ತಿರುಗಿತು. ಚೌಕ ಬರೆದು “ಸಮಚತುರಂ” ಅಂದಾಗ ಅವನ ಪಕ್ಕದ ಕುಳ್ಳನಿಗೂ ಹೆಸರಾಯಿತು.

ಆಮೇಲೆ ನೋಟೀಸು ಬಂತು, ಶುಕ್ರವಾರ ಪ್ರಸಂಗ ಸ್ಪರ್ಧೆ ಅಂತ. ಮಲಯಾಳದ ಪ್ರಸಂಗ ಎಂದರೆ ಭಾಷಣ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳು ಏನು ತಿಳಿಯಬೇಕು? “ಸಾರ್, ವಾಲಿ ಯಾರು, ಸುಗ್ರೀವ ಯಾರು? ಚೆಂಡೆ ನಾವೇ ತರಬೇಕಾ?”

ಇದನ್ನೆಲ್ಲ ನನಗೆ ಹೇಳಿದವಳು ತಂಗಿಯ ಮೊಮ್ಮಗಳು, ಶಾಲು ತುರುಕಿಕೊಂಡವಳು. “ಬೇಕೂಂತ ನಗುವುದಲ್ಲ ಅಜ್ಜ. ತಡೆದಷ್ಟೂ ಜಾಸ್ತಿ ಬರ್ತದೆ. ಮಾಷ್ಟ್ರು ಪಾಪ.”

ಮೀಟಿಂಗಿನಲ್ಲಿ ಒಬ್ಬರು, ಇದೊಂದು ಕಾಯಿಲೆ, ಕೌನ್ಸೆಲಿಂಗ್ ಮಾಡಿಸಬೇಕು ಅಂದರು. ಕಾಯಿಲೆಯೂ ಉಂಟು, ಇಲ್ಲವೆನ್ನಲಾರೆ. 1962ರ ಜನವರಿಯಲ್ಲಿ ಆಫ್ರಿಕಾದ ಟಾಂಗನಿಕಾದಲ್ಲಿ, ಕಶಾಶಾ ಎಂಬಲ್ಲಿನ ಹುಡುಗಿಯರ ಶಾಲೆಯಲ್ಲಿ ಮೂವರಿಗೆ ನಗು ಹತ್ತಿಕೊಂಡಿತು. 159 ಮಕ್ಕಳಲ್ಲಿ 95 ಮಂದಿಗೆ ಹಬ್ಬಿ ಮಾರ್ಚ್ 18ಕ್ಕೆ ಶಾಲೆ ಮುಚ್ಚಬೇಕಾಯಿತು. ಮನೆಗೆ ಹೋದ ಮಕ್ಕಳು ಅದನ್ನು ಊರಿಗೂ ದಾಟಿಸಿದರು. ಖುಷಿಯ ನಗುವಲ್ಲ ಅದು, ನಡುನಡುವೆ ಅಳು. ಪರೀಕ್ಷಿಸಿದ ಡಾಕ್ಟರುಗಳಿಗೆ ವಿಷವೂ ಸಿಗಲಿಲ್ಲ, ಸೋಂಕೂ ಸಿಗಲಿಲ್ಲ. ಇದರಲ್ಲಿ ನನಗೆ ಬಲು ಇಷ್ಟವಾದ ಸಂಗತಿ, ಶಾಲೆಯ ಮಾಷ್ಟ್ರುಗಳಲ್ಲಿ ಒಬ್ಬರಿಗೂ ಅದು ಹತ್ತಲಿಲ್ಲ. ನಮ್ಮ ಶಿಕ್ಷಣ ಇಲಾಖೆಗೂ ಅಂಥದೇ ರೋಗನಿರೋಧಕ ಶಕ್ತಿ. ಕನ್ನಡ ಬಾರದವರನ್ನು ಕನ್ನಡ ಕ್ಲಾಸಿಗೆ ನೇಮಿಸುವ ಆದೇಶವನ್ನು ಟೈಪು ಮಾಡಿ, ಓದಿ, ಸೀಲು ಹೊಡೆಯುವಷ್ಟು ಹೊತ್ತೂ ಒಬ್ಬರೂ ‘ಫುಸ್’ ಅನ್ನುವುದಿಲ್ಲ. ಸಾಮಾನ್ಯ ಸಾಧನೆಯೇ?

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ಜಾರಿಯಾದ ಸಂವಿಧಾನ ತಿದ್ದುಪಡಿಯಲ್ಲಿ 350ಎ ಎಂಬ ವಿಧಿಯೂ ಇತ್ತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಇರಬೇಕು. ಹೈಸ್ಕೂಲಿಗೆ ಬಂದ ಕೂಡಲೇ ಮಾತೃಭಾಷೆ ಉದುರಿಹೋಗುತ್ತದೆ ಎಂದು ಬರೆದವರು ತಿಳಿದಿರಬೇಕು, ಹಾಲುಹಲ್ಲಿನ ಹಾಗೆ.

ಪರಿಹಾರವೂ ಸಿದ್ಧವಿದೆ. ಮಾಷ್ಟ್ರನ್ನು ಮೈಸೂರಿಗೆ ಕಳಿಸಿ ಕನ್ನಡ ಕಲಿಸುವುದು. ಅಷ್ಟರಲ್ಲಿ ಈ ಮಕ್ಕಳ ಎಸ್ಸೆಸ್ಸೆಲ್ಸಿ ಕಳೆದಿರುತ್ತದೆ, ಕನ್ನಡ ಕಲಿತ ಮಾಷ್ಟ್ರಿಗೆ ಊರಿಗೆ ವರ್ಗವೂ ಆಗಿರುತ್ತದೆ. ಹೆತ್ತವರು ಎಷ್ಟು ಸಲ ಗೇಟಿನಲ್ಲಿ ಧರಣಿ ಕೂರುತ್ತಾರೆ? ಸಾಕಾಗಿ ಮಗುವನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುತ್ತಾರೆ. ಆಮೇಲೆ ಡಿವಿಷನ್ನಿಗೆ ಮಕ್ಕಳಿಲ್ಲ, ಮಕ್ಕಳಿಲ್ಲವಾದ್ದರಿಂದ ಹುದ್ದೆಯಿಲ್ಲ. ಬೀಗ ಹಾಕುವವರು ಯಾರೂ ಬೇಕಾಗಿಲ್ಲ, ನಾವೇ ಹಾಕಿಕೊಂಡು ಕೀಲಿಕೈ ಕೊಟ್ಟು ಬರುತ್ತೇವೆ. ಇದನ್ನು ಬರೆದೂ ಬರೆದೂ ನನಗೆ ನಾಚಿಕೆಯಾಗುತ್ತಿದೆ, ಓದಿ ಓದಿ ನಿಮಗೂ ಆಗುತ್ತಿರಬೇಕು. ಮೂವತ್ತು ಮಕ್ಕಳು ಒಂದು ವರ್ಷ ಲೆಕ್ಕ ಕಲಿಯದಿರುವುದಕ್ಕೆ ಮೀಟಿಂಗಿಲ್ಲ. ನಕ್ಕದ್ದಕ್ಕೆ ತುರ್ತು ಮೀಟಿಂಗು, ಚಾ, ಬೋಂಡ.

ಕೊನೆಗೆ ಮಾಷ್ಟ್ರು ಎದ್ದು ನಿಂತರು. ಶರ್ಟಿನ ಕಿಸೆಯಿಂದ ಚೀಟಿ ತೆಗೆದು ನೋಡಿ, “ನನಗೂ ಒಂದು ಅವಸರ ಕೊಡಿ” ಅಂದರು. ಮಲಯಾಳದಲ್ಲಿ ಅವಸರ ಎಂದರೆ ಅವಕಾಶ. ಅಲ್ಲಿದ್ದ ನಾವೆಲ್ಲ ಎರಡೂ ಭಾಷೆ ಬಲ್ಲವರೇ, ಯಾರೂ ನಗಲಿಲ್ಲ. ಕಿಟಕಿಯ ಹೊರಗಿಂದ ಮಾತ್ರ ಒಂದು ‘ಫುಸ್’ ಕೇಳಿಸಿತು.

ಮಕ್ಕಳಿಗೆ ಬುದ್ಧಿ ಹೇಳುವುದಾಗಿ ಹೆತ್ತವರು ಒಪ್ಪಿದ್ದಾರೆ ಎಂಬ ನಿರ್ಣಯವನ್ನು ಮಿನಿಟ್ಸ್ ಪುಸ್ತಕದಲ್ಲಿ ಮಲಯಾಳದಲ್ಲಿ ಬರೆದಿದ್ದರು. ತೋರಿಸಿದ ಗೆರೆಯ ಮೇಲೆ ನಾನು ಕನ್ನಡದಲ್ಲಿ ಸಹಿ ಹಾಕಿದೆ. ಕ್ಲಾರ್ಕು ಅದನ್ನು ತಿರುಗಿಸಿ ನೋಡಿ, “ಇದು ಏನು ಬರೆದದ್ದು?” ಅಂತ ಕೇಳಿದರು.