ಪೋಸ್ಟ್ ಆಮೇಲೆ, ಮೊದಲು ಹೆಡ್‌ಲೈನ್
ಲಿಂಕ್ಡ್‌ಇನ್‌ನಲ್ಲಿ ದಿನಕ್ಕೊಂದು ಪೋಸ್ಟ್ ಹಾಕಿದರೆ ಹೆಸರು ತಾನಾಗೇ ಬೆಳೆಯುತ್ತದೆ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಕೆಲಸಕ್ಕೆ ಜನ ಹುಡುಕುವಾಗ ನಾನು ಪೋಸ್ಟ್ ನೋಡುವುದು ಕೊನೆಗೆ. ಮೊದಲು ಕಣ್ಣಿಗೆ ಬೀಳುವುದು ಹೆಸರಿನ ಕೆಳಗಿರುವ ಹೆಡ್‌ಲೈನ್. ಅಲ್ಲಿ 220 ಅಕ್ಷರಕ್ಕೆ ಜಾಗ ಇದೆ. ಎಷ್ಟೋ ಜನ ಅದನ್ನು ಸುಮ್ನೆ 'ಕನಸುಗಾರ, ಸದಾ ಕಲಿಯುವವನು' ಅಂತ ತುಂಬಿಸಿರುತ್ತಾರೆ. ನಾವು ಹುಡುಕುವುದು 'ಜಾವಾ', 'ಪೇರೋಲ್' ಅಂತ. 'ಕನಸುಗಾರ' ಅಂತ ಯಾರು ಟೈಪ್ ಮಾಡ್ತಾರೆ ಹೇಳಿ? ಮಾಡಿದ ಕೆಲಸದ ಬಗ್ಗೆ ಬರೆಯುವಾಗಲೂ ಬರೀ 'ತಂಡ ಮುನ್ನಡೆಸಿದೆ' ಅನ್ನುವ ಬದಲು ತಂಡದಲ್ಲಿ ಎಷ್ಟು ಜನ ಇದ್ದರು, ಏನು ಮುಗಿಸಿದಿರಿ ಅಂತ ಬರೆದರೆ ಸಾಕು. ರೆಕಮೆಂಡೇಶನ್, ಅಂದರೆ ಜೊತೆಗೆ ಕೆಲಸ ಮಾಡಿದವರು ನಿಮ್ಮ ಪ್ರೊಫೈಲ್‌ನಲ್ಲಿ ಬರೆಯುವ ಶಿಫಾರಸು, ತಗೊಳ್ಳಿ ಅಂತ ಎಲ್ಲರೂ ಹೇಳುವ ಮಾತು ಮಾತ್ರ ಸರಿ. ಆದರೆ ಇಬ್ಬರು ಮಾತಾಡಿಕೊಂಡು ಹೊಗಳಿಕೊಂಡಿದ್ದರೆ ಗೊತ್ತಾಗಿಬಿಡುತ್ತದೆ, ಎರಡರ ಮೇಲೂ ಒಂದೇ ತಾರೀಖು ಇರುತ್ತದಲ್ವಾ!