ಡಿಎಂಎ ಚಾನೆಲ್ ನಂಬರ್ ಡಿವೈಸ್ ಟ್ರೀಯಲ್ಲೇ ಇರಬೇಕಾ?

ಡಿಎಂಎ ಅಂದರೆ ಸಿಪಿಯು ಕೈ ಹಾಕದೆಯೇ ಮೆಮೊರಿಗೂ ಪೆರಿಫೆರಲ್‌ಗಳಿಗೂ (ಚಿಪ್ಪಿನೊಳಗಿನ ಸೀರಿಯಲ್ ಪೋರ್ಟ್‌ನಂಥ ಘಟಕಗಳು) ನಡುವೆ ಡೇಟಾ ಸಾಗಿಸುವ ಹಾರ್ಡ್‌ವೇರ್; ಸಾಗಿಸುವ ಒಂದೊಂದು ದಾರಿಯೇ ಚಾನೆಲ್. ಡಿವೈಸ್ ಟ್ರೀ ಅಂದರೆ ಬೋರ್ಡಿನಲ್ಲಿ ಏನೇನಿದೆ ಅಂತ ಲಿನಕ್ಸ್ ಕರ್ನಲ್‌ಗೆ ಹೇಳುವ ಹಾರ್ಡ್‌ವೇರ್ ವಿವರ.

ಪರ

ಎಸ್‌ಟಿಎಂ32ಎಫ್4 ಚಿಪ್ಪನ್ನೇ ತೆಗೆದುಕೊಳ್ಳಿ. ಎರಡು ಡಿಎಂಎ ಕಂಟ್ರೋಲರ್, ಒಂದೊಂದರಲ್ಲೂ 8 ಸ್ಟ್ರೀಮ್ (ಚಾನೆಲ್‌ಗೆ ಈ ಚಿಪ್ಪಿನಲ್ಲಿರೋ ಹೆಸರು). ಯಾವ ಪೆರಿಫೆರಲ್ ಯಾವ ಸ್ಟ್ರೀಮ್‌ಗೆ ಹೋಗಬಹುದು ಅನ್ನೋದು ಸಿಲಿಕಾನ್‌ನಲ್ಲೇ ತೀರ್ಮಾನವಾಗಿದೆ. ಯುಎಸ್‌ಎಆರ್‌ಟಿ1 (ಸೀರಿಯಲ್ ಪೋರ್ಟ್) ರಿಸೀವ್‌ಗೆ ಎರಡನೇ ಕಂಟ್ರೋಲರಿನ 2 ಅಥವಾ 5 ಮಾತ್ರ. ಎಸ್‌ಪಿಐ1ಕ್ಕೆ (ಇದೂ ಒಂದು ಸೀರಿಯಲ್ ಬಸ್) ಅದೇ ಕಂಟ್ರೋಲರಿನಲ್ಲಿ ರಿಸೀವ್‌ಗೆ 0 ಅಥವಾ 2, ಟ್ರಾನ್ಸ್‌ಮಿಟ್‌ಗೆ 3 ಅಥವಾ 5.

ಈಗ ಸ್ಟ್ರೀಮ್ ಹಂಚುವ ಕೆಲಸವನ್ನು ಕರ್ನಲ್‌ಗೇ ಬಿಟ್ಟೆವು ಅಂದುಕೊಳ್ಳಿ. ಎಸ್‌ಪಿಐ ಮೊದಲು ಬಂದು 2 ಮತ್ತು 5ನ್ನು ಹಿಡಿದರೆ ಮುಗೀತು. 0, 3 ಖಾಲಿ ಬಿದ್ದಿದ್ದರೂ ಯುಎಸ್‌ಎಆರ್‌ಟಿಗೆ ಏನೂ ಉಳಿಯಲ್ಲ. ಡ್ರೈವರ್‌ಗಳು ಪ್ರೋಬ್ ಆಗುವ (ಬೂಟ್ ವೇಳೆ ಶುರುವಾಗುವ) ಕ್ರಮ ಬದಲಾದರೆ ಎಲ್ಲ ಸರಿಹೋಗುತ್ತದೆ! ಇಂಥ ಬಗ್ ಹಿಡಿಯೋದು ಎಂಥ ತಲೆನೋವು, ಅಲ್ವಾ? ಯಾವ ಪೆರಿಫೆರಲ್‌ಗೆ ಡಿಎಂಎ ಬೇಕೇ ಬೇಕು ಅನ್ನೋದು ಬೋರ್ಡ್ ಮಾಡಿದವರಿಗೆ ಗೊತ್ತು. ಅವರು ಡಿಟಿಎಸ್‌ನಲ್ಲಿ (ಡಿವೈಸ್ ಟ್ರೀಯ ಮೂಲ ಕಡತ) ಒಮ್ಮೆ ಬರೆದಿಟ್ಟರೆ, ಡ್ರೈವರ್ ಸುಮ್ನೆ "ಆರ್‌ಎಕ್ಸ್" (ರಿಸೀವ್) ಅಂತ ಹೆಸರು ಹೇಳಿ ಚಾನೆಲ್ ಕೇಳಿದರೆ ಸಾಕು.

ವಿರೋಧ

ಎಫ್4ರ ಮಾತು ಒಪ್ಪಿದೆ. ಆದರೆ ಎಲ್ಲ ಚಿಪ್ಪೂ ಎಫ್4 ಅಲ್ಲ. ರಾಸ್ಪ್‌ಬೆರಿ ಪೈನ ಬಿಸಿಎಂ2835 ಚಿಪ್ಪಿನ ಡಿವೈಸ್ ಟ್ರೀಯಲ್ಲಿ ಎಸ್‌ಪಿಐ ನೋಡ್ (ಅದರ ವಿವರ ಇರೋ ಭಾಗ) ನೋಡಿ: ಡಿಎಂಎಗೆ 6 ಮತ್ತು 7 ಅಂತ ಇದೆ. ಹೊಸಬರು ಅದನ್ನೇ ಚಾನೆಲ್ ಅಂದುಕೊಳ್ಳುತ್ತಾರೆ. ಅಲ್ಲ, ಅವು ಪೆರಿಫೆರಲ್ "ಡೇಟಾ ಸಾಗಿಸು" ಅಂತ ಡಿಎಂಎಗೆ ಕೇಳುವ ರಿಕ್ವೆಸ್ಟ್ ಲೈನ್‌ಗಳು. ಚಿಪ್ಪಿನೊಳಗೆ ಎಳೆದ ತಂತಿ ಅದು, ಬದಲಾಗಲ್ಲ. ಚಾನೆಲ್ ಆರಿಸೋದು ಕಂಟ್ರೋಲರಿನ ಡ್ರೈವರ್. ಕಂಟ್ರೋಲರ್ ನೋಡ್‌ನಲ್ಲಿರೋ ಮಾಸ್ಕ್ (ಒಂದೊಂದು ಚಾನೆಲ್‌ಗೆ ಒಂದೊಂದು ಬಿಟ್ ಇರೋ ಸಂಖ್ಯೆ) ಪ್ರಕಾರ 0, 2, 4, 5 ಮತ್ತು 8ರಿಂದ 14ರವರೆಗಿನ ಚಾನೆಲ್‌ಗಳನ್ನು ಲಿನಕ್ಸ್ ಬಳಸಬಹುದು. ಉಳಿದವನ್ನು ಮುಟ್ಟೋ ಹಾಗಿಲ್ಲ. ಆ ಮಾಸ್ಕ್ ಡಿವೈಸ್ ಟ್ರೀಯಲ್ಲಿ ಇರಲಿ, ತಕರಾರಿಲ್ಲ. ಲಿನಕ್ಸ್ ಕೈಯಲ್ಲಿ ಇಲ್ಲದ್ದನ್ನು ಅದು ಹೇಳುತ್ತದೆ.

ಎಫ್4 ಮಾಡಿದ ಎಸ್‌ಟಿಯವರೇ ತಮ್ಮ ಎಚ್7 ಚಿಪ್ಪಿನಲ್ಲಿ ಡಿಎಂಎಮಕ್ಸ್ ಅನ್ನೋ ಘಟಕ ತಂದರು. ಯಾವ ರಿಕ್ವೆಸ್ಟನ್ನು ಬೇಕಾದರೂ ಯಾವ ಸ್ಟ್ರೀಮ್‌ಗಾದರೂ ತಿರುಗಿಸಬಹುದು. ಅದರ ಬೈಂಡಿಂಗ್‌ನಲ್ಲಿ (ಡಿವೈಸ್ ಟ್ರೀಯಲ್ಲಿ ಏನೇನು ಹೇಗೆ ಬರೆಯಬೇಕು ಅನ್ನೋ ನಿಯಮ) ಸ್ಟ್ರೀಮ್ ನಂಬರೇ ಹೋಯಿತು, ಪ್ರತಿ ಡಿಎಂಎ ನಮೂದಿಗೆ 4 ಸೆಲ್ (32 ಬಿಟ್ ಸಂಖ್ಯೆ) ಇದ್ದದ್ದು 3 ಆಯಿತು.

ನನಗೆ ನಿಜಕ್ಕೂ ಕಿರಿಕಿರಿ ಅನ್ನಿಸೋದು ಪ್ರಯಾರಿಟಿ, ಅಂದರೆ ಯಾರ ಡೇಟಾ ಮೊದಲು ಸಾಗಬೇಕು ಅನ್ನೋದು. ಎಸ್‌ಟಿಎಂ32 ಬೈಂಡಿಂಗ್‌ನ ಮೂರನೇ ಸೆಲ್‌ನಲ್ಲಿ 16, 17ನೇ ಬಿಟ್‌ಗಳು ಅದಕ್ಕೇ ಮೀಸಲು. ಐ.ಎಂಎಕ್ಸ್ ಚಿಪ್ಪುಗಳ ಡಿಎಂಎ ಕಂಟ್ರೋಲರ್ ಆದ ಎಸ್‌ಡಿಎಂಎಯಲ್ಲೂ ಮೂರನೇ ಸೆಲ್ ಪ್ರಯಾರಿಟಿಯೇ. ಅದೇ ಬೋರ್ಡು, ಅದೇ ಯುಎಆರ್‌ಟಿ (ಸೀರಿಯಲ್ ಪೋರ್ಟ್). ಒಬ್ಬ ಗಿರಾಕಿ ಅದಕ್ಕೆ ಜಿಪಿಎಸ್ ಹಾಕುತ್ತಾನೆ, ಇನ್ನೊಬ್ಬ ಡೀಬಗ್ ಕನ್ಸೋಲ್. ಹಾರ್ಡ್‌ವೇರ್ ಒಂದೇ, ಬಳಕೆ ಬೇರೆ. ಬಳಕೆಯ ವಿಷಯಕ್ಕೆ ಹಾರ್ಡ್‌ವೇರ್ ವಿವರದಲ್ಲಿ ಏನು ಕೆಲಸ? ಹಳೇ ಡಿಟಿಬಿ (ಕಂಪೈಲ್ ಆದ ಡಿವೈಸ್ ಟ್ರೀ) ಹೊಸ ಕರ್ನಲ್‌ನಲ್ಲೂ ನಡೀಬೇಕು ಅನ್ನೋ ನಿಯಮ ಬೇರೆ ಇದೆ. ಹಾಗಾಗಿ ಒಮ್ಮೆ ಬೈಂಡಿಂಗ್‌ನೊಳಗೆ ಸೇರಿದ ಸೆಲ್ಲನ್ನು ತೆಗೆಯೋಣ ಅಂದರೂ ತೆಗೆಯೋಕೆ ಆಗಲ್ಲ.