ತಾರೀಖಿಲ್ಲದ ಹಸಿರು ನಕಾಶೆಗೆ ಚಪ್ಪಾಳೆ ತಟ್ಟುವವರಿಗೆ

ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ಮನೆಯವರ ಮೇಲೆ ತೀರಿಸಿಕೊಳ್ಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಪುಣೆಯ ಕೋಥ್ರೂಡಿನಲ್ಲಿ ನಮ್ಮ ಕನ್ನಡ ಗೆಳೆಯರ ಬಳಗದ ಕಾರ್ಯಕ್ರಮ. ಗಿಡ ನೆಡುವ ಒಂದು ಸಂಸ್ಥೆಯವರನ್ನು ಕರೆಸಿದ್ದರು. ಹೆಸರು ಬೇಡ ಬಿಡಿ. ಸಾಸವಡ ಕಡೆಯ ಒಂದು ಗುಡ್ಡ ಹಿಡಿದಿದ್ದಾರೆ, ಕಂಪನಿಗಳು ದುಡ್ಡು ಕೊಡುತ್ತವೆ. ಪರದೆ ಮೇಲೆ ಎರಡು ನಕಾಶೆ ಬಂದವು. ಎಡಕ್ಕೆ ಗುಡ್ಡ ಕೆಂಪು. ಬಲಕ್ಕೆ ಅದೇ ಗುಡ್ಡ ಹಸಿರೋ ಹಸಿರು. ಮೇಲೆ ದಪ್ಪಕ್ಷರದಲ್ಲಿ 'ಉಪಗ್ರಹದ ಸಾಕ್ಷಿ'. ಜೋರು ಚಪ್ಪಾಳೆ. ನನ್ನ ಹಿಂದೆ ಕೂತಿದ್ದ ಕಾಕಾ ಒಬ್ಬರು, "ಭಾಳ ಛಲೋ ಕೆಲಸ ಮಾಡ್ಯಾರ ನೋಡ್ರಿ" ಅಂದರು.

ನಾನು ಕೈ ಎತ್ತಿದೆ. ಎರಡೂ ಚಿತ್ರ ಯಾವಾಗಿನದು ಸರ್ ಅಂತ ಕೇಳಿದೆ.

"2019 ಮತ್ತು 2024 ಮೇಡಂ."

"ವರ್ಷ ಬರೆದಿದೆ, ಕಾಣಿಸ್ತಿದೆ. ತಿಂಗಳು ಯಾವುದು?"

ಅವರು ಲ್ಯಾಪ್‌ಟಾಪ್ ನೋಡಿದರು. ಪಕ್ಕದಲ್ಲಿದ್ದ ಹುಡುಗನ ಮುಖ ನೋಡಿದರು. ಹುಡುಗ ಮೆಲ್ಲಗೆ ಅಂದ: ಮೊದಲನೆಯದು ಮೇ, ಎರಡನೆಯದು ಸೆಪ್ಟೆಂಬರ್ ಕೊನೆ. ಅಷ್ಟರಲ್ಲಿ ನಮ್ಮ ಬಳಗದ ಹಿರಿಯರು ಎದ್ದು, "ಪ್ರಶ್ನೆ-ಗಿಶ್ನೆ ಉಪ್ಪಿಟ್ಟು ತಿನ್ನೂ ಮುಂದ ಕೇಳೂಣ್ರೀ ತಂಗಿ" ಅಂದು ಮೈಕ್ ತಗೊಂಡರು.

ಮೇ ತಿಂಗಳ ಗುಡ್ಡ, ಸೆಪ್ಟೆಂಬರ್ ತಿಂಗಳ ಗುಡ್ಡ! ಅಲ್ರೀ, ಪುಣೆಯಲ್ಲಿ ಸೆಪ್ಟೆಂಬರ್‌ನಲ್ಲಿ ಹಸಿರಾಗಲು ಯಾರೂ ಏನೂ ನೆಡಬೇಕಾಗಿಲ್ಲ. ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಯೂ ಹಸಿರಾಗುತ್ತೆ. ಟೈಫಾಯ್ಡ್ ಬಂದ ವಾರದ ಫೋಟೋ ಮತ್ತು ಮದುವೆ ದಿನದ ಫೋಟೋ ಪಕ್ಕಪಕ್ಕ ಇಟ್ಟು, 'ನಮ್ಮ ಟಾನಿಕ್ ಕುಡಿದ ಮೇಲೆ ಹೀಗಾದರು' ಅಂದ ಹಾಗಾಯಿತು.

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಅಂತ ನಿಮಗೆಲ್ಲ ಗೊತ್ತು. ಗೊತ್ತಿಲ್ಲದ ಹೊಸಬರಿಗಾಗಿ ಎರಡು ಮಾತು: ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕುವುದೇ ನನ್ನ ಕೆಲಸ. ಇಂಥ ನಕಾಶೆಗಳ ಹಿಂದೆ ಸಾಮಾನ್ಯವಾಗಿ ಇರುವುದು ಎನ್‌ಡಿವಿಐ ಅನ್ನೋ ಒಂದು ಲೆಕ್ಕ. ಹಸಿರೆಲೆ ಕೆಂಪು ಬೆಳಕನ್ನು ನುಂಗುತ್ತೆ, ಕಣ್ಣಿಗೆ ಕಾಣದ ಸಮೀಪ ಅವಗೆಂಪು ಬೆಳಕನ್ನು ವಾಪಸ್ ಎಸೆಯುತ್ತೆ. ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಮೈನಸ್ 1ರಿಂದ 1ರ ಒಳಗೆ ಒಂದು ಸಂಖ್ಯೆ ಸಿಗುತ್ತೆ. ಎಲೆ ಜಾಸ್ತಿ ಇದ್ದರೆ ಸಂಖ್ಯೆ ಜಾಸ್ತಿ. ಇಂಥ ನಕಾಶೆಯಲ್ಲಿ ಜಾಸ್ತಿಗೆ ಹಸಿರು ಬಣ್ಣ, ಕಮ್ಮಿಗೆ ಕೆಂಪು. ಅಷ್ಟೇ. 1972ರಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ ಒಂದೆರಡು ವರ್ಷದಲ್ಲೇ ಹುಟ್ಟಿದ ಲೆಕ್ಕ ಇದು. ಈ ಸಂಖ್ಯೆಗೆ ಗಿಡದ ಹೆಸರು ಗೊತ್ತಿಲ್ಲ. ಮಣ್ಣಿನ ಆರೋಗ್ಯ ಗೊತ್ತಿಲ್ಲ. ಆ ದಿನ ಎಲೆ ಎಷ್ಟಿತ್ತು ಅನ್ನೋದು ಮಾತ್ರ ಗೊತ್ತು. ಅದಕ್ಕೇ ಬಡಕೊಳ್ಳುತ್ತಿದ್ದೇನೆ, ಯಾವ ದಿನ ಅಂತ ಹೇಳಿ!

ಇದರಲ್ಲಿ ಇನ್ನೊಂದು ತಮಾಷೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿ ಸುತ್ತ ಮೋಡವೋ ಮೋಡ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿ ಐದು ದಿನಕ್ಕೊಮ್ಮೆ ತಲೆ ಮೇಲೆ ಹಾದುಹೋದರೂ ಸಿಗುವುದು ಬರೀ ಬಿಳಿ ಹತ್ತಿ. ಚೊಕ್ಕ ಚಿತ್ರ ಸುಲಭವಾಗಿ ಸಿಗುವುದು ಮಳೆಗೆ ಮುಂಚೆ ಮತ್ತು ಮಳೆ ಹಿಂತೆಗೆದ ತಕ್ಷಣ. ಒಂದು ನೆಲ ಅತಿ ಒಣಗಿದ ಹೊತ್ತು, ಇನ್ನೊಂದು ಅತಿ ಹಸಿರಿನ ಹೊತ್ತು. ಅಂದರೆ ಕೈಗೆ ಸುಲಭವಾಗಿ ಸಿಗುವ ಜೋಡಿಯೇ ಅತಿ ಚೆನ್ನಾಗಿ ಸುಳ್ಳು ಹೇಳುವ ಜೋಡಿ. ಮೋಡದಾಚೆಯಿಂದ ನೋಡುವ ರೇಡಾರ್ ಉಪಗ್ರಹಗಳೂ ಇವೆ. 2025ರ ಜುಲೈನಲ್ಲಿ ಇಸ್ರೋ ಮತ್ತು ನಾಸಾ ಸೇರಿ ನಿಸಾರ್ ಹಾರಿಸಿದ್ದೂ ಅಂಥದ್ದೇ. ಆದರೆ ರೇಡಾರ್ ಚಿತ್ರ ನೋಡಲು ಬೂದಿ ಬೂದಿ. ಅದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ವರ್ಷದ ಆಯ್ಕೆಯೂ ಭಲೇ ಇತ್ತು. 2018ರಲ್ಲಿ ಮಳೆ ಕೈಕೊಟ್ಟು ಮಹಾರಾಷ್ಟ್ರ ಸರ್ಕಾರ 151 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತ್ತು. ಅದರ ಮುಂದಿನ ಬೇಸಿಗೆ 2019ರ ಮೇ. 2024ರಲ್ಲಿ ಮಳೆ ಧಾರಾಳ. ಗುಡ್ಡಕ್ಕೆ ಆಕಾಶ ನೀರು ಕೊಟ್ಟಿದೆ, ಹೆಸರು ಮಾತ್ರ ಇವರದು.

ಮನೆಗೆ ಬಂದು ಊಟವನ್ನೂ ಮಾಡದೆ ಕೂತೆ. (ಊಟ ಮಾಡಿದ್ದರೆ ಸಿಟ್ಟು ಇಳಿಯುತ್ತಿತ್ತೇನೋ.) ಸೆಂಟಿನೆಲ್ ಚಿತ್ರಗಳು ಪುಕ್ಕಟೆ, ಯಾರು ಬೇಕಾದರೂ ತೆಗೆದು ನೋಡಬಹುದು. ಪ್ರತಿ ವರ್ಷದ ಫೆಬ್ರವರಿ ಎರಡನೇ ವಾರದ್ದನ್ನು ಮಾತ್ರ ಆರಿಸಿಕೊಂಡೆ. ಆಗ ಮೋಡ ಇರಲ್ಲ, ಮಳೆಯ ಹುಲ್ಲು ಒಣಗಿರುತ್ತೆ. ಬೇರು ಆಳಕ್ಕಿಳಿದ, ಎಲೆ ಉದುರಿಸದ ಗಿಡ ಇದ್ದರೆ ಆಗಲೇ ಎದ್ದು ಕಾಣಬೇಕು. ಜತೆಗೆ ಒಂದು ಗಿಡವನ್ನೂ ನೆಡದ ಪಕ್ಕದ ಗುಡ್ಡವನ್ನೂ ಇಟ್ಟುಕೊಂಡೆ. ಎರಡು ಗೆರೆ ಎಳೆದೆ. ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಮಳೆ ಚೆನ್ನಾಗಾದ ವರ್ಷ ಎರಡೂ ಮೇಲೆ, ಕಮ್ಮಿಯಾದ ವರ್ಷ ಎರಡೂ ಕೆಳಗೆ. ಒಂದೇ ಕಡೆ ಬೇರೆಯಾಗುತ್ತವೆ. ಇವರ ಗುಡ್ಡದಲ್ಲಿ ಜೆಸಿಬಿ ತಂದು ಅಡ್ಡಡ್ಡ ಚರ (ಮಳೆನೀರು ಇಂಗಿಸುವ ಉದ್ದ ಗುಂಡಿ) ತೋಡಿದ ವರ್ಷ. ಆ ವರ್ಷ ಇವರ ಗೆರೆ ಧಡಕ್ಕನೆ ಕುಸಿದು, ಆಮೇಲೆ ಪಕ್ಕದ ಗುಡ್ಡದ ಕೆಳಗೇ ಉಳಿದಿದೆ. ಚರಗಳ ಬಿಳಿ ಗೆರೆಗಳು ಮೇಲಿನಿಂದ ಇವತ್ತಿಗೂ ಕಾಣುತ್ತವೆ. ನೆಟ್ಟ ಗಿಡ ಕಾಣುವುದಿಲ್ಲ. ಒಂದು ಪಿಕ್ಸೆಲ್ ಅಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಮೊಣಕಾಲುದ್ದದ ಸಸಿ ಅದರಲ್ಲಿ ಲೆಕ್ಕಕ್ಕೇ ಬರಲ್ಲ.

ಇದನ್ನೇ ಒಬ್ಬ ಗೆಳತಿಗೆ ಕಳಿಸಿದರೆ, "ನಾಸಾನೇ ಹೇಳಿದೆಯಲ್ಲೇ, ಭಾರತ ಹಸಿರಾಗ್ತಿದೆ ಅಂತ" ಎಂದಳು. ಹೌದು ತಾಯಿ, ಹೇಳಿದೆ. 2019ರ ಆ ಅಧ್ಯಯನ ನಿಜ. 2000ದಿಂದ 2017ರವರೆಗೆ ನಾಸಾ ಉಪಗ್ರಹಗಳ ಮೋಡಿಸ್ ಅನ್ನೋ ಉಪಕರಣ ತೆಗೆದ ಚಿತ್ರ ನೋಡಿ, ಜಗತ್ತಿನ ಹಸಿರು ಹೆಚ್ಚಳದಲ್ಲಿ ಚೀನಾ, ಭಾರತ ಮುಂದೆ ಅಂದರು. ವಾಟ್ಸಾಪ್‌ನಲ್ಲಿ ಅಲ್ಲಿಗೇ ಕತ್ತರಿಸಿದರು. ಅದೇ ಅಧ್ಯಯನದ ಮುಂದಿನ ಮಾತು: ಭಾರತದ ಹೆಚ್ಚಳದಲ್ಲಿ ಶೇ. 82 ಬಂದದ್ದು ಹೊಲಗದ್ದೆಯಿಂದ. ಕಾಡಿನಿಂದ ಬಂದದ್ದು ಬಹಳ ಕಮ್ಮಿ. ಇನ್ನೊಂದು ಕಡೆ ಇಸ್ರೋದ ಅಹಮದಾಬಾದ್ ಕೇಂದ್ರ, ಅದೂ ಉಪಗ್ರಹ ಚಿತ್ರಗಳಿಂದಲೇ, ಭೂಮಿ ಹಾಳಾಗುತ್ತಿರುವ ಲೆಕ್ಕ ಕೊಟ್ಟಿದೆ. 2003–05ರಲ್ಲಿ 9.45 ಕೋಟಿ ಹೆಕ್ಟೇರ್ ಇದ್ದದ್ದು 2018–19ಕ್ಕೆ 9.78 ಕೋಟಿ ಹೆಕ್ಟೇರ್ ಆಗಿದೆ. ದೇಶದ ಹತ್ತತ್ತಿರ ಶೇ. 30. ಮೊದಲ ಕಾರಣ ನೀರಿನಿಂದ ಮಣ್ಣು ಕೊಚ್ಚಿ ಹೋಗುವುದು. ಹಸಿರೂ ಹೆಚ್ಚಾಗಿದೆ, ನೆಲವೂ ಹಾಳಾಗಿದೆ. ಎರಡೂ ನಿಜ.

ಹೇಗೆ ಅಂತ ಕೇಳುವವರು ಸಾಂಗಲಿ ಕಡೆ ಕೃಷ್ಣೆಯ ದಂಡೆಗೆ ಹೋಗಿ ಬನ್ನಿ. ವರ್ಷವಿಡೀ ಕಬ್ಬು. ಮೇಲಿನಿಂದ ನೋಡಿದರೆ ಅದಕ್ಕಿಂತ ಚಂದದ ಹಸಿರಿಲ್ಲ. ನನ್ನ ಸೋದರಮಾವನ ಹೊಲವೂ ಅದರಲ್ಲೇ ಇತ್ತು. ನೀರು ಹಾಯಿಸಿ ಹಾಯಿಸಿ ನೆಲ ಸವಳಾಯಿತು. ಸವಳು-ಜವಳು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಉಪ್ಪು ಏಳುತ್ತೆ, ನಡೆದರೆ ಕರಕರ ಅನ್ನುತ್ತೆ. ಈಗ ಅಲ್ಲಿ ಕಬ್ಬೂ ಇಲ್ಲ, ಜೋಳವೂ ಇಲ್ಲ. ಕಬ್ಬು ಇದ್ದಷ್ಟು ವರ್ಷವೂ ಎನ್‌ಡಿವಿಐ ಆ ಹೊಲಕ್ಕೆ ಫಸ್ಟ್ ಕ್ಲಾಸ್ ಮಾರ್ಕ್ಸ್ ಕೊಟ್ಟಿರುತ್ತೆ, ಬರೆದಿಟ್ಟುಕೊಳ್ಳಿ.

ಬಳ್ಳಾರಿ ಜಾಲಿ ಗೋಮಾಳ ನುಂಗಿದರೂ ನಕಾಶೆ ಹಸಿರು. ಕಾಂಗ್ರೆಸ್ ಗಿಡ ಹಬ್ಬಿದರೂ ಹಸಿರು. ಅದು ಭಾರತದಲ್ಲಿ ಹಬ್ಬುತ್ತಿದೆ ಅಂತ 1950ರ ದಶಕದಲ್ಲಿ ಮೊದಲು ಗಮನಕ್ಕೆ ಬಂದದ್ದು ಇದೇ ಪುಣೆಯಲ್ಲಿ, ನಮ್ಮೂರಿನ ಹೆಮ್ಮೆ! ಪುಣೆಯ ವೇತಾಳ ಟೇಕಡಿ ಗುಡ್ಡಕ್ಕೆ ವಾಕಿಂಗ್ ಹೋಗುವವರು ಗ್ಲಿರಿಸಿಡಿಯಾ ನೋಡಿರುತ್ತೀರಿ, ನಮ್ಮ ಗೊಬ್ಬರದ ಗಿಡ. ಮಳೆಗಾಲದಲ್ಲಿ ಸೊಂಪಾದ ಹಸಿರು, ಫೆಬ್ರವರಿಗೆ ಎಲೆ ಉದುರಿ ಬರೀ ಗುಲಾಬಿ ಹೂ. ಫೋಟೋಕ್ಕೆ ಚಂದ. ಹಾಗಾದರೆ ಅಲ್ಲಿಯ ನಕಾಶೆ ಯಾವ ತಿಂಗಳದ್ದು ತೋರಿಸುತ್ತೀರಿ? ಮತ್ತೆ ಅದೇ ಪ್ರಶ್ನೆ. ನಾನೇನು ಮಾಡಲಿ.

ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಕಾಡಿಗಿಂತ ಬಯಲು ಇಷ್ಟ. ದಟ್ಟ ಮರಗಳ ನಡುವೆ ನನಗೆ ಉಸಿರು ಕಟ್ಟುತ್ತೆ. ಸಾಂಗಲಿ ಜಿಲ್ಲೆಯ ಒಣ ಸೀಮೆ ಜತ್ತ ಕಡೆ ಬೆಳೆದವಳು, ಏನು ಮಾಡೋದು. ನವೆಂಬರ್‌ನಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗಿ, ಗಾಳಿಗೆ ಸೊಯ್ ಅನ್ನುವಾಗ ಸಿಗುವ ನೆಮ್ಮದಿ ನನಗೆ ಮಹಾಬಳೇಶ್ವರದಲ್ಲೂ ಸಿಕ್ಕಿಲ್ಲ. ಆ ಹುಲ್ಲು ಒಣಗಿದೆ, ಸತ್ತಿಲ್ಲ. ಬೇರು ಮಣ್ಣನ್ನು ಹಿಡಿದು ಕೂತಿರುತ್ತೆ. ಬಾರಾಮತಿ ತಾಲ್ಲೂಕಿನ ಸುಪೆ ಹತ್ತಿರ ಮಯೂರೇಶ್ವರ ಅಭಯಾರಣ್ಯಕ್ಕೆ ಹೋಗಿ, ಅಂಥ ಹುಲ್ಲಲ್ಲೇ ಚಿಂಕಾರಾ ಜಿಂಕೆಗಳು ಓಡಾಡುತ್ತವೆ. ತೋಳ ಬದುಕುವುದು, ಧನಗರರ ಕುರಿ ಮೇಯುವುದು ಇಂಥ ಬಯಲಲ್ಲೇ. ಸರ್ಕಾರಿ ಲೆಕ್ಕದಲ್ಲಿ ಇಂಥ ಎಷ್ಟೋ ನೆಲ ಪಾಳು ಭೂಮಿ. ಮೇ ತಿಂಗಳ ನಕಾಶೆಯಲ್ಲಿ ಕೆಂಪು. ಕೆಂಪು ಕಂಡರೆ ಸಾಕು, ಜೆಸಿಬಿ ಹತ್ತಿಸುತ್ತಾರೆ. ಸಾತಾರದ ಕಾಸ್ ಪಠಾರವೂ (ಹೂವಿಗೆ ಹೆಸರಾದ ಪ್ರಸ್ಥಭೂಮಿ) ಮೇ ತಿಂಗಳಲ್ಲಿ ಬರೀ ಕಲ್ಲು ಕಾಣುತ್ತಪ್ಪ. 2012ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ. ಅಲ್ಲೂ ಗುಂಡಿ ತೋಡೋಣವೇ?

ಗೊತ್ತು, ಕೆಲವರು ಹೇಳುತ್ತೀರಿ. ಪಾಪ, ಒಳ್ಳೆ ಮನಸ್ಸಿಂದ ಮಾಡ್ತಿದ್ದಾರೆ, ಜನರಿಗೆ ಅರ್ಥವಾಗಲಿ ಅಂತ ಸರಳವಾಗಿ ತೋರಿಸಿದ್ದಾರೆ, ನೀನೊಬ್ಬಳು ಕಲ್ಲು ಹುಡುಕ್ತೀಯ ಅಂತ. ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನಕಾಶೆ ಕೆಳಗೆ 'ಮೇ', 'ಸೆಪ್ಟೆಂಬರ್' ಅಂತ ಬರೆಯೋದು ಯಾವ ಕಷ್ಟದ ವಿಜ್ಞಾನ? ಫೆಬ್ರವರಿಗೆ ಫೆಬ್ರವರಿ ಹೋಲಿಸಿದರೆ ಯಾರಿಗೆ ಅರ್ಥವಾಗಲ್ಲ? ಹಿಂದೆ ಕೂತಿದ್ದ ಕಾಕಾ ಜೀವನಪೂರ್ತಿ ಹೊಲ ಮಾಡಿದವರು. ಮೇ ಯಾವುದು, ಸೆಪ್ಟೆಂಬರ್ ಯಾವುದು ಅಂತ ಅವರಿಗೆ ಇವರು ಕಲಿಸಬೇಕಾಗಿಲ್ಲ. ಉಪ್ಪಿಟ್ಟು ತಿನ್ನುವಾಗ ನಾನು ತಿಂಗಳು ಹೇಳಿದ್ದೇ ತಡ, "ಹಂಗಂದ್ರ ಮಳಿ ಹಸರ್ ಅದು, ಗಿಡದ್ದಲ್ಲ ಬಿಡ್ರಿ" ಅಂದುಬಿಟ್ಟರು.

ಮುಂದಿನ ಮಳೆಗಾಲಕ್ಕೆ ಎರಡನೇ ಹಂತ ಇದೆಯಂತೆ. ಗುಡ್ಡ ಯಾವುದು ಅಂತ ಕೇಳಿ ತಿಳಕೊಂಡೆ. ಅದೂ ಹುಲ್ಲುಗುಡ್ಡ. ನನ್ನ ಎರಡು ಗೆರೆಯ ಚಿತ್ರವನ್ನು ಸಂಸ್ಥೆಯವರಿಗೆ ಮೇಲ್ ಮಾಡಿದ್ದೇನೆ, ಬಳಗದ ಗುಂಪಿಗೂ ಹಾಕಿದ್ದೇನೆ. ಗುಂಪಿನಲ್ಲಿ ಇಲ್ಲಿವರೆಗೆ ಬಂದಿರುವುದು ನಾಲ್ಕು ಕೈಮುಗಿದ ಚಿಹ್ನೆ ಮತ್ತು ಒಂದು ಶುಭೋದಯ. ಮೇಲ್‌ಗೆ ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಕಾಮೆಂಟ್‌ನಲ್ಲಿ 'ನೀವೆಷ್ಟು ಗಿಡ ನೆಟ್ಟಿದ್ದೀರಿ ಮೇಡಂ' ಅಂತ ಕೇಳಲು ಬೆರಳು ಎತ್ತಿರುವವರಿಗೆ: ಬಾಲ್ಕನಿಯಲ್ಲಿ ಕರಿಬೇವು, ಸೊಸೈಟಿ ಹಿಂದೆ ಒಂದು ನುಗ್ಗೆ. ಹುಲ್ಲುಗುಡ್ಡದ ಮೇಲೆ ಒಂದೂ ಇಲ್ಲ.